ಗೌಡರ ಮಗ ಏಳುವುದನ್ನು ಕಂಡ ವಸ್ತಾದ

ಬಹಳ ಹಿಂದೆ, ನಮ್ಮ ಅಜ್ಜನ ಅಜ್ಜನಿಗೂ ಹಾಲುಹಲ್ಲು ಮೂಡಿರದ ಕಾಲಕ್ಕೆ, ಹಿರೇಮಟ್ಟಿ ಅಂತ ಒಂದು ಊರು. ಆ ಊರಿಗೊಂದು ಗರಡಿಮನೆ, ಗರಡಿಮನೆಗೊಬ್ಬ ವಸ್ತಾದ. ಹುಡುಗರಿಗೆ ಕುಸ್ತಿ ಕಲಿಸುವ ಗುರು ಅವನು, ಹೆಸರು ಹುಚ್ಚೀರಪ್ಪ. ಆದರೆ ಅವನ ಹೆಸರು ಉಳಿದದ್ದು ಕುಸ್ತಿಯಿಂದಲ್ಲ, ಕೇಳಿ.

ಒಂದು ಕಡೆ ಕೂರುವ ಜೀವವೇ ಅಲ್ಲವಂತೆ ಅದು. ಊಟಕ್ಕೆ ಕೂತರೂ ಅರ್ಧಕ್ಕೆ ಎದ್ದು ಬಾಗಿಲಿಗೆ ಬರುವುದು, ಬೀದಿಯಲ್ಲಿ ಹೋಗುವವರ ಕಾಲು ನೋಡುವುದು. ಗೋಡೆಯಾಚೆ ಯಾರಾದರೂ ಪಾದ ಚಪ್ ಚಪ್ ಬಡಿದು ನಡೆದರೆ, ಅವನ ಮೊಣಕಾಲ ಕೆಳಗಿನ ನರ ಸೋತಿದೆ ಅಂತ ಈಚೆಯಿಂದಲೇ ಹೇಳುತ್ತಿದ್ದನಂತೆ. ಕೈ ಹಿಡಿದವನು ಬಿಡಲು ತಡಮಾಡಿದರೆ, ಅದು ಪ್ರೀತಿಯಲ್ಲ, ಬೆರಳು ಬಿಚ್ಚಿಕೊಳ್ಳುತ್ತಿಲ್ಲ ಅನ್ನುತ್ತಿದ್ದನಂತೆ. ಕಣ್ಣು ಮುಚ್ಚಿ ನಿಂತಾಗ ತೂಗಾಡುವವನನ್ನು ಅಖಾಡಕ್ಕೇ ಇಳಿಸುತ್ತಿರಲಿಲ್ಲವಂತೆ. ಸತ್ತವನ ಹಳೇ ಹೆಜ್ಜೆಗುರುತು ನೋಡಿ ಯಾವ ಕಾಲು ಮೊದಲು ಸೋತಿತ್ತು ಅಂತ ಹೇಳಿದ ಅನ್ನುವವರೂ ಇದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ.

ಆ ಊರಿನ ಗೌಡ ಚನಬಸಗೌಡ. ಅವನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಒಬ್ಬನೇ ಮಗ, ಬಸಲಿಂಗ. ಹುಡುಗನ ಮೀನಖಂಡ ನೋಡಿದರೆ ದೊಡ್ಡ ಪೈಲ್ವಾನರಿಗೂ ಹೊಟ್ಟೆಕಿಚ್ಚಾಗಬೇಕು, ಹಾಗೆ ದಪ್ಪಗೆ, ಗಟ್ಟಿಯಾಗಿ ಉಬ್ಬಿಕೊಂಡಿತ್ತಂತೆ. ಕುಸ್ತಿ ಅಂದರೆ ಪ್ರಾಣ ಬಿಡುವ ಊರು, ಇಂಥ ಕಾಲು ಕಂಡರೆ ಬಿಟ್ಟೀತೇ? ಹೆಂಗಸರು ದೃಷ್ಟಿ ತೆಗೆದರು, ಗಂಡಸರು ಮುಂದಿನ ಜಟ್ಟಿ ಇವನೇ ಅಂದರು. ಆದರೆ ಹುಡುಗ ಓಡಿದರೆ ಬೀಳುತ್ತಿದ್ದ, ಮೆಟ್ಟಿಲು ಕಂಡರೆ ಅಳುತ್ತಿದ್ದ. ಇಂಥ ಕಾಲಿಟ್ಟುಕೊಂಡು ಬೀಳುತ್ತಾನೆಂದರೆ ಬರೀ ಮೈಗಳ್ಳತನ ಅಂತ ಗೌಡ ಬಾರುಕೋಲಿನಿಂದ ಬಾರಿಸುತ್ತಿದ್ದ. ಕೊನೆಗೆ, ಕೂತು ಏಳುವ ಬೈಠಕ್ ಹೊಡೆಸಿ ಸೊಕ್ಕು ಇಳಿಸಿ ಅಂತ ಗರಡಿಗೇ ಎಳೆದು ತಂದ.

ವಸ್ತಾದ ಮೀನಖಂಡ ಮುಟ್ಟಲೂ ಇಲ್ಲವಂತೆ. ಹುಡುಗನನ್ನು ನೆಲದ ಮೇಲೆ ಕೂರಿಸಿ ಏಳು ಅಂದ. ಹುಡುಗ ಬೋರಲಾದ, ಅಂಗೈ ನೆಲಕ್ಕೂರಿದ, ಸೊಂಟ ಮೇಲೆತ್ತಿದ. ಆಮೇಲೆ ಒಂದು ಕೈ ಮೊಣಕಾಲಿಗೆ, ಇನ್ನೊಂದು ಕೈ ತೊಡೆಗೆ, ಹೀಗೆ ತನ್ನ ಮೈಯನ್ನು ತಾನೇ ಏಣಿಯ ಹಾಗೆ ಹತ್ತಿ ನಿಂತ. ಪೈಲ್ವಾನರೆಲ್ಲ ಬಿದ್ದು ಬಿದ್ದು ನಕ್ಕರು. ವಸ್ತಾದ ನಗಲಿಲ್ಲ. ಕಂಕುಳಿಗೆ ಕೈ ಹಾಕಿ ಎತ್ತಲು ಹೋದರೆ ಹುಡುಗನ ಹೆಗಲು ಸಡಿಲಾಗಿ ಮೇಲೆದ್ದು, ಮೈ ಕೈಯಿಂದ ಜಾರಿತು. ನಾಗರಪಂಚಮಿಯ ದಿನ ಅಖಾಡಕ್ಕೆ ಇಳಿಸೋಣ ಅಂತ ಬಾಯಿಗೆ ಬಂದದ್ದು ಹೇಳಿ ವಸ್ತಾದ ಅಲ್ಲಿಂದ ಎದ್ದುಹೋದ.

ಅವತ್ತಿನಿಂದ ಅವನಿಗೆ ನಿದ್ದೆಯಿಲ್ಲ, ಕೂತಲ್ಲಿ ಕೂರಲಾರ. ಕೆರೆ ಏರಿಯ ಮೇಲೆ ಆ ತುದಿಯಿಂದ ಈ ತುದಿಗೆ ತಿರುಗಿದ್ದೇ ತಿರುಗಿದ್ದು. ಬೈಠಕ್ ಹೊಡೆಸಿದರೆ ಇರುವ ಕಸುವೂ ಬೇಗ ಹೋಗುತ್ತದೆ. ಸುಮ್ಮನಿದ್ದರೆ ಬಾರುಕೋಲು ನಿಲ್ಲುವುದಿಲ್ಲ. ನಿಜ ಹೇಳಿದರೆ, ಔಷಧವಿಲ್ಲದ ರೋಗದ ಸುದ್ದಿಯನ್ನು ತಂದೆಯ ಮುಖಕ್ಕೆ ಹೇಳಬೇಕು. ಗೌಡರ ಹೆಂಡತಿ ನೀಲವ್ವ ನೀರಿಗೆ ಬಂದಾಗ ತಡೆದು, ತವರಲ್ಲಿ ಯಾರಿಗಾದರೂ ಹೀಗಿತ್ತೇ ಅಂತ ಕೇಳಿದ. ಅವಳು ಕೊಡ ಇಳಿಸಿ ಅತ್ತಳು. ತನ್ನ ಅಣ್ಣ ಹೀಗೇ ಬೀಳುತ್ತ ಬೀಳುತ್ತ ಹಾಸಿಗೆ ಹಿಡಿದು, ಮೀಸೆ ಮೂಡುವ ಮೊದಲೇ ಹೋದ ಅಂದಳು.

"ಅವರಿಗೆ ಹೇಳಬ್ಯಾಡ್ರಿ ಅಣ್ಣಾರ. ನನ್ನ ತವರಿಗೆ ಅಟ್ಟತಾರ. ಕೂಸಿನ್ನ ಯಾರು ನೋಡ್ತಾರ ಆಮ್ಯಾಲ?" ಅಂದಳಂತೆ.

ಪಂಚಮಿ ಬಂತು. ಗೌಡ ತೆಂಗಿನಕಾಯಿ, ಉಂಡಿ ಹಿಡಿದು ಬಂದ, ಊರೆಲ್ಲ ನೆರೆಯಿತು. ವಸ್ತಾದ ಹುಡುಗನನ್ನು ಕರೆಯಲಿಲ್ಲ. ಗೌಡನನ್ನೇ ಕೆಮ್ಮಣ್ಣಿನ ಮೇಲೆ ಕೂರಿಸಿ, ಒಬ್ಬ ಭಾರೀ ಪೈಲ್ವಾನನಿಗೆ ಅವನ ಹೆಗಲ ಮೇಲೆ ಒರಗು ಅಂದ. ಈಗ ಏಳಿ ಅಂದ. ಗೌಡ ಮೀಸೆ ತಿರುವಿ ಏಳಲು ಹೋದ, ಆಗಲಿಲ್ಲ. ಮುಂದಕ್ಕೆ ಬಾಗಿ ಅಂಗೈ ನೆಲಕ್ಕೂರಿದ. ಕೈ ಮೊಣಕಾಲಿಗೆ ಬಂತು, ಆಮೇಲೆ ತೊಡೆಗೆ ಬಂತು. ಅಷ್ಟರಲ್ಲಿ ತಾನು ಏನು ಮಾಡುತ್ತಿದ್ದೇನೆ ಅಂತ ಅವನಿಗೇ ಗೊತ್ತಾಯಿತು.

"ಗೌಡ್ರ, ಈ ಭಾರ ನೀವು ಒಂದ್ ಸಲ ಹೊತ್ತು ಎದ್ರಿ. ನಿಮ್ಮ ಮಗ ಬೆಳಗಾದ್ರ ಇದನ್ನ ಹೊತ್ತು ಏಳ್ತಾನ. ನಮ್ಮ ಕಣ್ಣಿಗೆ ಕಾಣಂಗಿಲ್ಲ, ಅಷ್ಟ," ಅಂದ ವಸ್ತಾದ. "ಆ ಕಾಲಾಗಿನ ಕಸುವು ಕರಗಿ ಹೊಂಟೈತ್ರಿ. ಬರೇ ಬಾವು ಉಳದೈತಿ."

ಗೌಡ ಸಿಟ್ಟಿನಿಂದ ಮಣ್ಣು ಕೊಡವಿಕೊಂಡ. ಹಾಗಾದರೆ ಇದು ಯಾರ ಕಡೆಯಿಂದ ಬಂತು ಹೇಳು, ನನ್ನ ವಂಶದಲ್ಲಂತೂ ಇಲ್ಲ ಅಂದ. ಹೆಂಗಸರ ಗುಂಪಿನಲ್ಲಿ ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಮೈಯನ್ನು ನೋಡಿ ಎಂದೂ ಸುಳ್ಳು ಹೇಳದ ಮನುಷ್ಯ ಅವತ್ತು ಹೇಳಿದನಂತೆ, ನನಗೆ ಗೊತ್ತಿಲ್ಲ ಅಂತ. ಗೌಡ ಅವನನ್ನು ಕೊಳ್ಳಿಬಾಯಿ ಅಂತ ಬೈದು, ಮಗನನ್ನು ರೆಟ್ಟೆ ಹಿಡಿದು ಕರೆದೊಯ್ದ. ದಾರಿಯಲ್ಲಿ ಹುಡುಗ ಬಿದ್ದ. ಗೌಡ ಬಾರುಕೋಲು ಎತ್ತಿದ, ಹಾಗೇ ನಿಂತ. ಆಮೇಲೆ ಅದನ್ನು ಅಲ್ಲೇ ಬಿಸಾಡಿ ಮಗನನ್ನು ಎತ್ತಿಕೊಂಡ.

ಹುಡುಗ ನಡೆಯುವುದು ನಿಂತ ಮೇಲೆ ಗೌಡ ಅವನನ್ನು ಹೆಗಲ ಮೇಲೆ ಹೊತ್ತು ದಿನಾ ಗರಡಿಗೆ ತರುತ್ತಿದ್ದನಂತೆ. ಅಖಾಡದ ಅಂಚಿಗೆ ಕೂತು ಯಾರು ಗೆದ್ದರು ಅಂತ ಹೇಳುವವನು ಬಸಲಿಂಗನೇ. ಅವನ ಮಾತೇ ಕೊನೆಯ ಮಾತು. ಮೀಸೆ ಚಿಗುರುವ ವಯಸ್ಸಿಗೆ ಅವನೂ ಹೋದ. ಮಣ್ಣು ಮಾಡಿ ಬಂದ ಗೌಡ ನೆಟ್ಟಗೆ ಗರಡಿಗೆ ಬಂದು ಕುಸಿದು ಕೂತ, ಕತ್ತಲಾದರೂ ಏಳಲಾಗಲಿಲ್ಲ. ವಸ್ತಾದ ಏಳಿ ಅನ್ನಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕೈ ಚಾಚಿದ, ಅಷ್ಟೆ.

ಹಿರೇಮಟ್ಟಿಯಲ್ಲಿ ಇವತ್ತಿಗೂ ಮಗುವಿನ ಮೀನಖಂಡ ದಪ್ಪಗಿದ್ದರೆ ಯಾರೂ ಹೊಗಳುವುದಿಲ್ಲ. ನೆಲದ ಮೇಲೆ ಕೂರಿಸಿ ಹೇಗೆ ಏಳುತ್ತದೆ ನೋಡುತ್ತಾರೆ, ತೊಡೆ ಹಿಡಿದು ಹತ್ತಿದರೆ ಮರುದಿನವೇ ದೊಡ್ಡ ಆಸ್ಪತ್ರೆಗೆ ಹೊರಡುತ್ತಾರೆ. ಇನ್ನೊಂದು ಮಾತು, ನೀವು ಆ ಊರಿಗೆ ಹೋದರೆ ಗಮನಿಸಿ. ಮಕ್ಕಳು ಆಡುತ್ತ ಬಿದ್ದರೆ ಅಲ್ಲಿ ಯಾರೂ "ಏಳೋ" ಅಂತ ಕೂಗುವುದಿಲ್ಲ. ಮೊದಲು ಹತ್ತಿರ ಹೋಗಿ ಕೈ ಕೊಡುತ್ತಾರೆ.