ಪಲಾವ್ ಎಲೆಯ ಮೂರು ಗೆರೆ

ಲೋಕ ಇನ್ನೂ ಹೊಸ ಮಡಕೆಯ ಹಾಗೆ ಹಸಿಹಸಿಯಾಗಿದ್ದ ಕಾಲ. ಆಗ ಗಾಳಿಗೆ ಮಾತು ಬರುತ್ತಿತ್ತು, ತೊರೆಗೂ ಬರುತ್ತಿತ್ತು. ಮರಗಳಂತೂ ಯಾರೂ ಕೇಳದಿದ್ದರೂ ಮಾತಾಡುತ್ತಿದ್ದವು. ಎಲೆಗಳೆಲ್ಲ ಆಗ ಬಲು ಮೆತ್ತಗೆ. ಯಾವ ಎಲೆಯನ್ನು ಕುದಿಯುವ ನೀರಿಗೆ ಹಾಕಿದರೂ ಸೊಪ್ಪಿನ ಹಾಗೆ ಬೆಂದು ಕರಗಿ ಹೋಗುತ್ತಿತ್ತು.

ಆ ಕಾಲದಲ್ಲಿ ಒಂದು ಗುಡ್ಡದ ಕೆಳಗೆ ದುಗ್ಗಜ್ಜಿ ಎಂಬ ಮುದುಕಿ ಇದ್ದಳು. ಅವಳ ಮಗಳು ಹೂವಿ ಚೊಚ್ಚಲ ಬಸುರಿ, ತವರಿಗೆ ಬಂದಿದ್ದಳು. ಬಂದವಳು ಅನ್ನ ಮುಟ್ಟಲೊಲ್ಲಳು. ತುತ್ತು ಬಾಯಿಯ ಹತ್ತಿರ ಬಂದರೆ ಸಾಕು, ಎದ್ದು ಹಿತ್ತಿಲಿಗೆ ಓಡುವಳು. ದುಗ್ಗಜ್ಜಿ ರಾಗಿ ಗಂಜಿ ಕಾಸಿದಳು, ಬೇಳೆ ಬೇಯಿಸಿದಳು, ಹುಣಸೆ ಕಿವುಚಿ ಸಾರು ಮಾಡಿದಳು. ಒಂದೂ ಒಳಗೆ ನಿಲ್ಲಲಿಲ್ಲ. ಕೈಬಳೆ ಮೊಣಕೈವರೆಗೆ ಜಾರುವಷ್ಟು ಹೂವಿ ಸೊರಗಿದಳು. ದುಗ್ಗಜ್ಜಿಗೆ ಹೆದರಿಕೆಯಾಯಿತು.

"ಏನು ಬಯಕೆ ನಿಂಗೆ, ಬಾಯ್ಬಿಟ್ಟು ಹೇಳವ್ವ," ಅಂದಳು. "ಬಯಕೆ ತೀರದಿದ್ರೆ ಹುಟ್ಟೋ ಕೂಸಿನ ಕಿವಿ ಸೋರ್ತದೆ."

ಹೂವಿ ನಾಚಿಕೊಂಡು ಹೇಳಿದಳು, "ತಿನ್ನೋಕೆ ಏನೂ ಬೇಡ ಕಣವ್ವ. ಗುಡ್ಡದ ಮೇಲಿನ ಮರ ಬಂಡೆಗೆ ಉಜ್ಜಿದಾಗ ಒಂದು ಘಮ ಬರ್ತದಲ್ಲ, ಅದು ಬೇಕು. ಅನ್ನಕ್ಕೆ ಆ ಘಮ ಇದ್ದಿದ್ರೆ ಉಣ್ತಿದ್ದೆ."

ಮಾವಿನಕಾಯಿ ಕೇಳಿದ್ದರೆ ಕಿತ್ತು ತರಬಹುದಿತ್ತು. ಘಮವನ್ನು ಯಾವ ಸೆರಗಿನಲ್ಲಿ ಕಟ್ಟಿ ತರುವುದು? ಆದರೂ ಹೆತ್ತ ಕರುಳು, ದುಗ್ಗಜ್ಜಿ ಗುಡ್ಡ ಹತ್ತಿ ಮರಕ್ಕೆ ಮಗಳ ಬಯಕೆ ಹೇಳಿದಳು.

ಮರಕ್ಕೆ ಸಿಡುಕು ಹೆಚ್ಚು. "ಮೇಕೆ ಬಂದು ಒಂದೇ ಎಲೆ ಅಂತು. ಜಿಂಕೆ ಬಂದು ಒಂದೇ ಎಲೆ ಅಂತು. ಎಲ್ಲ ಸೇರಿ ನನ್ನ ಬೋಳು ಮಾಡಿ ಹೋದ್ವು. ಒಂದು ಬೇಸಿಗೆ ಪೂರ್ತಿ ಬಿಸಿಲಲ್ಲಿ ಹಾಗೇ ನಿಂತಿದ್ದೆ," ಅಂದಿತು. "ಘಮ ಬೇಕಾದ್ರೆ ಒಯ್ಯಿ. ಎಲೆ ಮಾತ್ರ ಮುಟ್ಟಬೇಡ."

"ಅಷ್ಟೇ ತಾನೆ? ನಾನು ಒಯ್ತೀನಿ ಬಿಡಜ್ಜಿ," ಅಂದಿತು ಗಾಳಿ. ಒಯ್ದಿತು, ನಿಜ. ಆದರೆ ಗಾಳಿಗೆ ನೆಟ್ಟಗೆ ಹೋಗಿ ಗೊತ್ತಿಲ್ಲ. ಬೇಲಿ ಬೇಲಿಗೂ ನಿಂತು ಹರಟಿ, ಹೂವಿಯ ಬಾಗಿಲಿಗೆ ಬರುವಷ್ಟರಲ್ಲಿ ಅದರ ಕೈಯಲ್ಲಿ ಧೂಳು ಮಾತ್ರ ಉಳಿದಿತ್ತು.

"ನಾನು ಒಯ್ತೀನಿ ಬಿಡಜ್ಜಿ," ಅಂದಿತು ತೊರೆ. ಒಯ್ದಿತು, ಅದೂ ನಿಜ. ಆದರೆ ದಾರಿಯುದ್ದಕ್ಕೂ ಮೀನುಗಳ ನೆಂಟಸ್ತಿಕೆ. ಕೊಡದಲ್ಲಿ ತುಂಬಿಕೊಂಡು ಮೂಸಿದರೆ ಬರೀ ಮೀನಿನ ವಾಸನೆ. ಹೂವಿ ಮತ್ತೆ ಹಿತ್ತಿಲಿಗೆ ಓಡಿದಳು.

ಮರುದಿನ ಬೆಳಗ್ಗೆ ದುಗ್ಗಜ್ಜಿ ಮತ್ತೆ ಗುಡ್ಡ ಹತ್ತಿ, ಮಂಡಿ ಹಿಡಿದುಕೊಂಡು ಮರದ ಬುಡದಲ್ಲಿ ಕುಳಿತಳು.

"ನೋಡಪ್ಪ, ಎಲೇನೇ ಕೊಡು. ತಿನ್ನೋಕಲ್ಲ. ಪಕ್ಕದ ಮನೆಯಿಂದ ಸೌಟು ಇಸ್ಕೊಂಡು ಬಂದ್ರೆ ಸೌಟನ್ನೇ ತಿಂತೀನಾ? ತಿರುವಿ, ತೊಳೆದು, ವಾಪಸ್ಸು ಕೊಡ್ತೀನಿ. ಹಾಗೇ ಇದೂ."

ಮೇಕೆಯಾಗಲಿ ಜಿಂಕೆಯಾಗಲಿ ಹೀಗೆ ಕೇಳಿರಲಿಲ್ಲ. ಮರ ತುಸು ಯೋಚಿಸಿತು. ಮೂರು ಎಲೆ ಕಿತ್ತಿತು. ಕುದಿನೀರಿನಲ್ಲಿ ಕರಗದಿರಲಿ ಎಂದು ತನ್ನ ತೊಗಟೆಯ ನಾರು ಎಳೆದು, ಒಂದೊಂದು ಎಲೆಗೂ ತೊಟ್ಟಿನಿಂದ ತುದಿಯವರೆಗೆ ಮೂರು ಹೊಲಿಗೆ ಹಾಕಿತು.

"ಹೊತ್ತು ಮುಳುಗೋದ್ರೊಳಗೆ ಮೂರೂ ಇಡಿಯಾಗಿ ಬರಬೇಕು. ಒಂದು ಕಮ್ಮಿಯಾದ್ರೂ ನನ್ನ ಘಮ ನಿನ್ನ ಮನೆ ಕಡೆ ಇನ್ನು ಸುಳಿಯೋಲ್ಲ."

ಹೂವಿಗೆ ದಿನ ತುಂಬಲು ಇನ್ನೂ ಐದು ತಿಂಗಳಿತ್ತು. ದುಗ್ಗಜ್ಜಿ ಎಲೆಗಳನ್ನು ಎದೆಗವಚಿಕೊಂಡು ಇಳಿದಳು.

ಅಕ್ಕಿ ತೊಳೆದು ಒಲೆಯ ಮೇಲಿಟ್ಟು, ಎಲೆ ಹಾಕಿದಳು. "ಮೆಲ್ಲಗೆ ಉರಿಯಪ್ಪ," ಎಂದು ಬೆಂಕಿಗೆ ಹೇಳಿದಳು. "ಜಾಸ್ತಿ ಕೊತಗುಟ್ಟಬೇಡವ್ವ," ಎಂದು ನೀರಿಗೆ ಹೇಳಿದಳು. ಹೊಲಿಗೆ ಬಿಚ್ಚಲಿಲ್ಲ. ಘಮ ಮಾತ್ರ ಎಲೆ ಬಿಟ್ಟು ಅನ್ನದೊಳಗೆ ಇಳಿಯಿತು. ಮನೆಯೆಲ್ಲ ಗುಡ್ಡದ ತಲೆಯ ಹಾಗೆ ಘಮಘಮಿಸಿತು. ಹೂವಿ ಯಾರೂ ಕರೆಯದೆ ಎದ್ದು ಬಂದು, ತಾನೇ ಮಣೆ ಹಾಕಿಕೊಂಡು ಕುಳಿತಳು. ಒಂದು ತುತ್ತು ಉಂಡಳು. ಇನ್ನೊಂದು ಉಂಡಳು. ಹಿತ್ತಿಲ ಕಡೆ ನೋಡಲೂ ಇಲ್ಲ. ದುಗ್ಗಜ್ಜಿಗೆ ಎಷ್ಟು ಸಂತೋಷವಾಯಿತೆಂದರೆ ಆಚೆ ತಿರುಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಹೆಂಡತಿಯನ್ನು ನೋಡಲು ಅಳಿಯ ಕೆಂಚಣ್ಣನೂ ಅಂದೇ ಬಂದಿದ್ದ. ಹೊಸ ಅಳಿಯ. ಅವನಿಗೂ ಬಡಿಸಿದ್ದಾಯಿತು.

ಊಟ ಮುಗಿಯಿತು. ದುಗ್ಗಜ್ಜಿ ಎಲೆ ಹುಡುಕಿದಳು. ಮಡಕೆಯ ತಳದಲ್ಲಿ ಒಂದು, ಹೂವಿಯ ಊಟದೆಲೆಯ ಅಂಚಿನಲ್ಲಿ ಒಂದು. ಮೂರನೆಯದಿಲ್ಲ. ಸೌಟು ಕೊಡವಿದಳು, ಬೂದಿ ಕೆದಕಿದಳು, ಮಣೆ ಎತ್ತಿ ನೋಡಿದಳು. ಹೊರಗೆ ಹೊತ್ತು ಗುಡ್ಡದ ಹೆಗಲಿಗೆ ಇಳಿದಿತ್ತು.

ಆಗ ಅಳಿಯನ ಮುಖ ಕಂಡಿತು. ಎಲ್ಲರೂ ಉಂಡೆದ್ದರೂ ಅವನು ಮಾತ್ರ ಇನ್ನೂ ಅಗಿಯುತ್ತಿದ್ದ. ಹಣೆಯಲ್ಲಿ ಬೆವರು, ಕಣ್ಣಲ್ಲಿ ನೀರು.

"ಬಾಯಲ್ಲೇನಪ್ಪ ಅದು?"

ಅತ್ತೆಯ ಮನೆಯಲ್ಲಿ ಕುಳಿತು ಸೊಪ್ಪು ಬೆಂದಿಲ್ಲ ಅನ್ನಲಾಗುತ್ತದೆಯೇ? ಉಗುಳಲಾಗುತ್ತದೆಯೇ? ಕೆಂಚಣ್ಣ ಒಂದು ಕೆನ್ನೆಗೆ ಸರಿಸಿಕೊಂಡು, "ಸೊಪ್ಪು ಬಲು ರುಚಿ, ಅತ್ತೆ. ಸ್ವಲ್ಪ ಹೊತ್ತು ಹಿಡೀತದೆ, ಅಷ್ಟೇ," ಅಂದ.

"ಮರ್ಯಾದೆ ಆಮೇಲೆ, ಮೊದ್ಲು ಅದನ್ನ ಹೊರಗೆ ತೆಗಿಯಪ್ಪ," ಅಂದಳು ದುಗ್ಗಜ್ಜಿ.

ಅವನು ತೆಗೆದು ಊಟದೆಲೆಯ ಅಂಚಿಗಿಟ್ಟ. ಎಲೆಯ ತುಂಬ ಹಲ್ಲಿನ ಗುರುತು. ಆದರೆ ಮೂರು ಹೊಲಿಗೆಯೂ ಗಟ್ಟಿಯಾಗಿದ್ದವು, ಎಲೆ ಇಡಿಯಾಗಿತ್ತು. ಹೂವಿ ಗಂಡನ ಪಾಡು ನೋಡಿ ನಕ್ಕಳು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತು.

ಇಸ್ಕೊಂಡ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಮನೆತನವಲ್ಲ ದುಗ್ಗಜ್ಜಿಯದು. ಎಲೆ ತೊಳೆದು, ಒಂದೊಂದರ ಮೇಲೂ ಒಂದಿಷ್ಟು ಅನ್ನ ಇಟ್ಟುಕೊಂಡು ಗುಡ್ಡ ಹತ್ತಿದಳು. ಹೊತ್ತು ಮುಳುಗುವ ಮುಂಚೆ ಮರದ ಬುಡದಲ್ಲಿಟ್ಟಳು.

ಮರ ಎಣಿಸಿತು. ಹಲ್ಲಿನ ಗುರುತು ನೋಡಿ ಸಿಡುಕಲು ಹೊರಟಿತು. ಅಷ್ಟರಲ್ಲಿ ಅನ್ನದ ಘಮ ಮೇಲೆ ಬಂತು. "ಇದೇನಜ್ಜಿ ಇದು, ಇಷ್ಟು ಚೆನ್ನಾಗಿದೆ?"

"ಅದು ನೀನೇ ಕಣಪ್ಪ," ಅಂದಳು ದುಗ್ಗಜ್ಜಿ.

ಅಲ್ಲಿಯವರೆಗೆ ಮರಕ್ಕೆ ತನ್ನ ಘಮ ಎಂಥದೆಂದು ಗೊತ್ತಿರಲಿಲ್ಲ. ಅದು ಕೊಂಬೆ ಬಾಗಿಸಿ ಮತ್ತೆ ಮತ್ತೆ ಮೂಸಿತು. ಕೊನೆಗೆ ತನ್ನ ಎಲೆಗಳಿಗೆಲ್ಲ ಮೂರು ಮೂರು ಹೊಲಿಗೆ ಹಾಕಿಕೊಂಡು, "ನಾಳೆಗೂ ಒಯ್ಯಿ," ಅಂದಿತು. "ಉಣ್ಣೋದು ಘಮ ಮಾತ್ರ. ಎಲೆ ಇಡಿಯಾಗೇ ಇರಲಿ."

ಹೂವಿ ಐದು ತಿಂಗಳೂ ಹೊಟ್ಟೆ ತುಂಬ ಉಂಡಳು. ಹುಟ್ಟಿದ ಕೂಸಿನ ಕಿವಿ ಒಂದು ದಿನವೂ ಸೋರಲಿಲ್ಲ.

ಅದಕ್ಕೇ ಇವತ್ತಿಗೂ ಪಲಾವ್ ಎಲೆಯ ಮೇಲೆ ತೊಟ್ಟಿನಿಂದ ತುದಿಯವರೆಗೆ ಮೂರು ಗೆರೆಗಳಿವೆ, ಎಷ್ಟು ಕುದಿಸಿದರೂ ಅದು ಕರಗುವುದಿಲ್ಲ, ಮತ್ತು ಊಟದಲ್ಲಿ ಅದು ಸಿಕ್ಕಿದವರೆಲ್ಲ ಮೆಲ್ಲಗೆ ತೆಗೆದು ತಟ್ಟೆಯ ಅಂಚಿಗೆ ಇಡುತ್ತಾರೆ, ಹೊಸ ಅಳಿಯನೊಬ್ಬನನ್ನು ಬಿಟ್ಟು.