ಚಳಿಕೋಣೆಯ ರಾಕ್ಷಸ ಮತ್ತು ತವರಿನ ಕರೆಯೋಲೆ

ಬನ್ನಿ ಮಕ್ಕಳಾ, ಗೋಡೆಗೆ ಬೆನ್ನು ಕೊಟ್ಟು ಕೂತುಕೊಳ್ಳಿ. ಕಾಲಿಗೆ ಕಂಬಳಿ ಎಳೆದುಕೊಳ್ಳಿ, ಇದು ಚಳಿಯ ಕತೆ. ನೀವು ಹೂಂಗುಟ್ಟುತ್ತಾ ಇದ್ದರೆ ನಾನು ಹೇಳುತ್ತಾ ಇರುತ್ತೇನೆ.

ಹಾಲಗಿರಿಯಲ್ಲಿ ಒಂದು ಬೆಳಗ್ಗೆ ಡಂಗುರ ಹೊಡೆಸಿದರು. "ಕೇಳ್ರಪ್ಪೋ ಕೇಳಿ! ದೊರೆಗಳು ಮಗಳನ್ನ ಚೊಚ್ಚಲ ಹೆರಿಗೆಗೆ ಕರೆದು ಬರೆದ ಓಲೆ ತಲುಪದೆ ವಾಪಸು ಬರ್ತಾ ಇದೆ. ತಲುಪಿಸಿದವರಿಗೆ ಒಂದು ಹಳ್ಳಿ ಇನಾಮು! ಸೋತವರು ಚಳಿಕೋಣೆಯ ರಾಕ್ಷಸನ ಬಾಯಿಗೆ!"

ಈಗಿನ ಕಂಪನಿಗಳಲ್ಲಿ ಇಮೇಲು ಅಂತ ಇರುತ್ತಲ್ಲ, ಅಲ್ಲೂ ಅದೇ. ಅರಮನೆಯ ಹಿಂದೆ ಹಲ್ಲು ಕಟಕಟ ಅನ್ನಿಸುವ ಒಂದು ಕೋಣೆ. ಅದರೊಳಗೆ ಸರ್ವರ್ ಅನ್ನುವ ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಒಬ್ಬ ರಾಕ್ಷಸ. ಎಲ್ಲರ ಓಲೆ ಹೊರುವವನೂ ಅವನೇ, ತಲುಪದ್ದನ್ನು ವಾಪಸು ತರುವವನೂ ಅವನೇ. ಆದರೆ ಯಾಕೆ ತಲುಪಲಿಲ್ಲ ಅಂತ ನೆಟ್ಟಗೆ ಹೇಳುವ ಜಾಯಮಾನ ಅವನದಲ್ಲ.

ಆ ಪೆಟ್ಟಿಗೆ ಕಾಯುವವಳು ಸಾಕವ್ವ. ಇನ್ನೂ ಎಳೇ ವಯಸ್ಸು, ಕಣ್ಣ ಕೆಳಗೆ ಮಾತ್ರ ಮಸಿ ಬಳಿದ ಹಾಗೆ ಕಪ್ಪು. ತುತ್ತು ಬಾಯಿಗಿಟ್ಟರೆ "ಸಾಕೀ, ನನ್ನ ಮೇಲು ಹೋಗಿಲ್ಲ!" ಕಣ್ಣು ಮುಚ್ಚಿದರೆ "ಸಾಕೀ, ಮತ್ತೆ ವಾಪಸು ಬಂತಲ್ಲೇ!" ಗಾಣದ ಎತ್ತಿಗಾದರೂ ಹೊತ್ತು ಮುಳುಗಿದರೆ ನೊಗ ಇಳಿಸುತ್ತಾರೆ, ಅವಳಿಗೆ ಅದೂ ಇಲ್ಲ.

ದೊರೆ ಚಿತ್ರಶೇಖರ ಮೂರು ಓಲೆ ಕಳಿಸಿದ್ದ. ಮಗಳಿಗೊಂದು, ಅಳಿಯನಿಗೊಂದು, ಕೆಂಗೋಟೆಯ ಬೀಗರಿಗೊಂದು. ಮೂರೂ ವಾಪಸು. ಕರೆ ಬಾರದೆ ಹೆಣ್ಣುಮಗಳು ತವರಿನ ಹೊಸ್ತಿಲು ತುಳಿಯುವ ಹಾಗಿಲ್ಲ. ತಾನೇ ಹೋಗೋಣವೆಂದರೆ ದೊರೆಗೆ ಮುನಿಸು, "ಬೀಗರೇ ಬೇಕಂತ ತಿರುಗಿಸಿದ್ದಾರೆ" ಅಂತ. ಮಗಳಿಗೋ ದಿನ ತುಂಬುತ್ತಾ ಬಂತು.

ಎಲ್ಲರೂ ಚಳಿಕೋಣೆಯ ಮುಂದೆ ನೆರೆದರು. ರಾಕ್ಷಸ ಆಕಳಿಸುತ್ತಾ ಹೊರಗೆ ತಲೆ ಹಾಕಿ ಹೇಳಿದ: "ಮೂರು ಓಲೆ, ಮೂರು ಒಗಟು. ಮೊದಲನೆಯದು, ಮನೆ ಇದೆ, ಮನೆಯೊಳಗೆ ಅವಳೂ ಇದ್ದಾಳೆ, ಹೆಸರು ಹಿಡಿದು ಕೂಗಿದರೆ 'ಅಂಥವಳು ಇಲ್ಲಿಲ್ಲ' ಅಂತಾರೆ. ಎರಡನೆಯದು, ಬಾಗಿಲು ತೆರೆದಿದೆ, ಒಡೆಯ ಬೇಡ ಅಂದಿಲ್ಲ, ಆದರೂ ಒಂದು ಕಾಳು ಒಳಗೆ ಹೋಗಲ್ಲ. ಮೂರನೆಯದು, ಕೈಯಲ್ಲಿ ಚಿನ್ನವನ್ನೇ ಹಿಡಿದು ಬಂದರೂ ಇವನ ಮುಖ ಕಂಡ ಕೂಡಲೇ ಕದ ಹಾಕ್ತಾರೆ. ಯಾಕೆ?"

ಮೊದಲು ಪಂಡಿತ ಸೂರಪ್ಪಯ್ಯ ಎದ್ದ. "ಇದ್ದೂ ಇಲ್ಲದವಳು ಅಂದರೆ ಮೋಹಿನಿ!" ಅಂದ. ಗುಳುಂ! ದಳವಾಯಿ ರಣಭೈರ, ಮೊದಲನೆಯದರ ಉತ್ತರವನ್ನು ಹೆಂಡತಿಯಿಂದ ಕೇಳಿಕೊಂಡು ಬಂದಿದ್ದ. ಎರಡನೆಯದಕ್ಕೆ ಮೀಸೆ ತಿರುವಿ, "ಒಡೆಯ ಜಿಪುಣ!" ಅಂದ. ಗುಳುಂ! ಮಂತ್ರಿ ಅಚ್ಯುತಪ್ಪ ಜಾಣ. ಮೊದಲೆರಡನ್ನು ರಾಕ್ಷಸನ ಕಿವಿಯಲ್ಲಿ ಸರಿಯಾಗಿಯೇ ಉಸುರಿದ. ಮೂರನೆಯದಕ್ಕೆ ಬಾಯಿ ತೆರೆದವನು ದೊರೆಯ ಮುಖ ನೋಡಿದ, ದೊರೆಯ ಸೊಂಟದ ಕತ್ತಿ ನೋಡಿದ. "ಬೀಗರ ಕಾವಲುಗಾರ ಕುಡುಕ ಇರಬೇಕು" ಅಂದ. ಗುಳುಂ!

"ಇನ್ನು ಸಾಕಿ ಹೋಗಲಿ!" ದೊರೆ ಗುಡುಗಿದ. "ಪೆಟ್ಟಿಗೆ ಕಾಯೋಳು ಅವಳೇ ತಾನೆ?"

ಸಾಕವ್ವ ರಾಕ್ಷಸನ ಮುಂದೆ ಹೋಗಿ ಉಸ್ಸಪ್ಪಾ ಅಂತ ನೆಲಕ್ಕೆ ಕೂತಳು.

"ಹೆದರಿಕೆ ಇಲ್ಲವೇನೆ ತಂಗಿ?"

"ಹೆದರೋಕೂ ಒಂಚೂರು ತ್ರಾಣ ಬೇಕು ಅಣ್ಣಾ. ಅದೂ ಉಳಿದಿಲ್ಲ. ನುಂಗಿದರೆ ನುಂಗು, ಹೊಟ್ಟೆಯೊಳಗಾದರೂ ಬೆಚ್ಚಗೆ ಮಲಗ್ತೀನಿ."

"ಹೇಳು ಮತ್ತೆ."

"ಮೊದಲನೆಯದು ನಮ್ಮ ಪುಟ್ಟಮಲ್ಲಿ. ಹೊಸ್ತಿಲು ದಾಟಿದ ದಿನ ಅತ್ತೆ ಮನೆಯೋರು ಅಕ್ಕಿ ಮೇಲೆ ಬರೆದು ಇಂದುಮತಿ ಅಂತ ಹೆಸರಿಟ್ಟರು. ಅಪ್ಪ ಇನ್ನೂ ತೊಟ್ಟಿಲ ಹೆಸರಿಗೇ ಓಲೆ ಹಾಕ್ತಾರೆ. ಆ ಹೆಸರಿನೋಳು ಅಲ್ಲಿ ಎಲ್ಲಿ ಸಿಕ್ತಾಳೆ? ಎರಡನೆಯದು ಅಳಿಯಂದಿರ ಓಲೆ ಪೆಟ್ಟಿಗೆ. ಮದುವೆ ಚಿತ್ರ ಅಂತ ನಮ್ಮೋರೆಲ್ಲ ಸೇರಿ ತುರುಕಿದ್ದೇ ತುರುಕಿದ್ದು. ಬಾಯಿಮಟ್ಟ ತುಂಬಿದ ಕಣಜ, ಅವರೂ ಖಾಲಿ ಮಾಡಲಿಲ್ಲ."

"ಮೂರನೆಯದು?"

ಗುಂಪಿನವರೆಲ್ಲ ದೊರೆಯ ಕತ್ತಿ ನೋಡಿದರು. ಎಲ್ಲರಿಗೂ ಗೊತ್ತಿತ್ತು ಮಕ್ಕಳಾ, ಎಲ್ಲರಿಗೂ. ಹೇಳಿದರೆ ದೊರೆಯ ಕತ್ತಿ, ಹೇಳದಿದ್ದರೆ ರಾಕ್ಷಸನ ಬಾಯಿ.

ಸಾಕವ್ವ ದೊರೆಯ ಕಡೆ ತಿರುಗಿದಳು. "ಬುದ್ಧೀ, ತಾವು ದಿನಾ ಬೆಳಗಾದರೆ ತಾವರೆ ಹೂವಿನ ಚಿತ್ರ ಹಾಕಿ ಶುಭೋದಯ ಅಂತ ಸುತ್ತಲ ರಾಜ್ಯಕ್ಕೆಲ್ಲ ಕಳಿಸ್ತೀರಿ. ಮಧ್ಯಾಹ್ನ ಒಂದು ಬುದ್ಧಿಮಾತು, ಸಂಜೆಗೊಂದು ದೇವರ ಚಿತ್ರ. ತಡೆದು ತಡೆದು ಸಾಕಾಗಿ, ಹಾಲಗಿರಿಯ ಮುದ್ರೆ ಕಂಡರೆ ಸಾಕು, ಬೀಗರು ಕದ ಹಾಕಿಸಿಬಿಟ್ಟಿದ್ದಾರೆ. ಮಗಳ ಕರೆಯೋಲೆ ಅಂತ ಅವರಿಗೇನು ಗೊತ್ತು?"

ದೊರೆಯ ಕೈ ಕತ್ತಿಯ ಹಿಡಿಗೆ ಹೋಯಿತು. ಆಗ ರಾಣಿ ನಿಟ್ಟುಸಿರು ಬಿಟ್ಟಳು. "ಪಕ್ಕದಲ್ಲೇ ಮಲಗಿರೋ ನನಗೂ ಬರುತ್ತಲ್ರೀ! ನಾನೂ ಎಂದೋ ಕದ ಹಾಕಿದೀನಿ."

ದೊರೆಯ ಕೈ ಸಡಿಲವಾಯಿತು. "ನನ್ನ ಮಗಳಿಗೆ ಅಡ್ಡ ನಿಂತೋನು ನಾನೇನಾ?" ಅಂದವನೇ ಕುದುರೆ ತರಿಸಿದ. ಕೆಂಗೋಟೆಯ ಬಾಗಿಲಲ್ಲಿ ಪೇಟ ತೆಗೆದು, "ಬೀಗರೇ, ಇನ್ನು ತಾವರೆ ಕಳಿಸಲ್ಲ" ಅಂದ. ಬೀಗರು ನಕ್ಕು, ಹಾಲಗಿರಿಯ ಮುದ್ರೆಗೆ ಹಾಕಿಸಿದ್ದ ಕದ ತೆಗೆಸಿದರು. ಸಾಕವ್ವ ಹೊಸ ಹೆಸರಿಗೆ ಬರೆದು ಬಿಟ್ಟಿದ್ದ ಓಲೆ, ದೊರೆ ಕುದುರೆ ಇಳಿಯುವುದರೊಳಗೆ ಮಗಳ ಕೈ ಸೇರಿತ್ತು.

ಪುಟ್ಟಮಲ್ಲಿ ತವರಿಗೆ ಬಂದು ಹೆಣ್ಣು ಹೆತ್ತಳು. ಅಳಿಯ ಪೆಟ್ಟಿಗೆ ಖಾಲಿ ಮಾಡಿದ. ರಾಕ್ಷಸ ಮೂವರನ್ನೂ ಥೂ ಅಂತ ಉಗುಳಿದ. ಆ ಚಳಿಗೆ ಪಂಡಿತ ಇವತ್ತಿಗೂ ಸೀನುತ್ತಾನೆ, ದಳವಾಯಿ ಈಗ ಏನೇ ಆದರೂ ಮೊದಲು ಹೆಂಡತಿಯನ್ನು ಕೇಳುತ್ತಾನೆ, ಮಂತ್ರಿ ದೊರೆಯ ಮುಖ ನೋಡದೆ ಮಾತಾಡುವುದನ್ನು ಕಲಿಯುತ್ತಿದ್ದಾನೆ. ದೊರೆ ಶುಭೋದಯವನ್ನು ರಾಣಿಗೆ ಮಾತ್ರ ಹೇಳುತ್ತಾನೆ, ಅದೂ ಬಾಯಲ್ಲಿ. ಹೊರೆ ಇಳಿದ ರಾಕ್ಷಸ ಗೊರಕೆ ಹೊಡೆಯುತ್ತಾನೆ.

ಸಾಕವ್ವನಿಗೆ ಹಳ್ಳಿ ಬರೆದುಕೊಟ್ಟರು. "ಹಳ್ಳಿ ಆಮೇಲೆ ನೋಡ್ತೀನಿ ಬುದ್ಧೀ, ಮೊದಲು ಒಂದು ಚಾಪೆ ಕೊಡಿ" ಅಂದಳು. ಅವಳು ಏಳುವ ತನಕ ಪೆಟ್ಟಿಗೆ ಕಾಯುವುದು ದೊರೆಯ ಪಾಳಿ. ಚಳಿಕೋಣೆಯಲ್ಲಿ ಕಂಬಳಿ ಹೊದ್ದು ಕೂತಿದ್ದಾನೆ. ಯಾರಾದರೂ "ಸಾಕೀ!" ಅಂತ ಕೂಗಿಕೊಂಡು ಬಂದರೆ ತುಟಿಯ ಮೇಲೆ ಬೆರಳಿಟ್ಟು, "ಶ್! ಮೆಲ್ಲಗೆ. ಮಲಗಿದ್ದಾಳೆ" ಅನ್ನುತ್ತಾನೆ.