ಗೋಡೆ ಇಲ್ಲದ ಬಾಗಿಲು

ಹೊಳೆ ದಂಡೆ ಮೇಲೆ ಒಂದು ಚರ್ಚು. ಅಲ್ಲಿ ಫಾದರ್ ಇನ್ನಾಸಪ್ಪ ಹತ್ತೊಂಬತ್ತು ವರ್ಷದಿಂದ ಒಂದೇ ಪುಸ್ತಕ ಬರೀತಿದ್ರು. ಊರು ಕಳ್ಕೊಂಡು ಅಲೆಯೋರ ಜೊತೆ ದೇವರೂ ಅಲೀತಾನೆ ಅನ್ನೋದು ಅದರ ವಿಷಯ. ಪುಸ್ತಕ ಇನ್ನೂ ಮುಗಿದಿರಲಿಲ್ಲ. ದೇವರು ಇನ್ನೂ ಅಲೀತಿದ್ದ ಅಂತ ಕಾಣುತ್ತೆ.

ಅವರ ಶಿಷ್ಯ ಬ್ರದರ್ ಚೌರಪ್ಪ, ಪಾದ್ರಿ ಆಗೋಕೆ ಓದ್ತಿದ್ದವನು. ಪುಸ್ತಕದ ಏಳೂ ಅಧ್ಯಾಯ ಅವನಿಗೆ ಬಾಯಿಪಾಠ.

ಒಂದಿನ, ಅಣೆಕಟ್ಟಿನ ನೀರಲ್ಲಿ ಊರು ಮುಳುಗಿಸ್ಕೊಂಡ ಜನ ಟ್ರ್ಯಾಕ್ಟರಲ್ಲಿ ಬಂದಿಳಿದ್ರು. ಚರ್ಚಿನ ಹಾಲ್‌ನಲ್ಲಿ ಅವರಿಗೆ ಚಾಪೆ, ಅನ್ನ, ಸಾರು. ಎಲ್ಲರೂ ತಟ್ಟೆ ಹಿಡಿದು ಸಾಲಲ್ಲಿ ನಿಂತ್ರು.

ದ್ಯಾಮವ್ವ ಅನ್ನೋ ಮುದುಕಿ ನಿಲ್ಲಲಿಲ್ಲ.

ಆಕೆ ಮನೆಯಿಂದ ತಂದಿದ್ದು ರೊಟ್ಟಿ ಸುಡೋ ಒಂದು ಹಂಚು, ಒಂದು ಚೀಲ ಜೋಳದ ಹಿಟ್ಟು, ಆಮೇಲೆ ಬಾಗಿಲ ಚೌಕಟ್ಟು. ಚೌಕಟ್ಟನ್ನ ಬಯಲಲ್ಲಿ ನೆಡಿಸಿ, ಅದರ ಹಿಂದೆ ಕೂತ್ಬಿಟ್ಲು. ಎರಡು ದಿನ ಆಯ್ತು, ಒಂದು ತುತ್ತು ಮುಟ್ಟಿಲ್ಲ.

ಚೌರಪ್ಪ ತಟ್ಟೆ ಹಿಡಿದು ನಾಲ್ಕು ಸಲ ಹೋಗಿ ಬಂದ.

"ಏನಂದ್ಲು?" ಅಂದ್ರು ಫಾದರ್, ಬರೀತಾನೇ.

"ಮೂರನೇ ಅಧ್ಯಾಯ ಹೇಳಿದೆ ಫಾದರ್. ದೇವರ ತಾಯೀನೂ ಕೂಸು ಎತ್ಕೊಂಡು ಊರು ಬಿಟ್ಟು ಪರದೇಶಕ್ಕೆ ಓಡಿದ್ಳು ಅಂದೆ."

"ಹ್ಞೂಂ."

"'ಆಕಿಗೆ ಅಲ್ಲಿ ಒಲಿ ಇತ್ತೋ ಇಲ್ಲೋ?' ಅಂದ್ಲು."

ಫಾದರ್ ಪೆನ್ನು ನಿಂತಿತು. ಹತ್ತೊಂಬತ್ತು ವರ್ಷದಲ್ಲಿ ಅವರಿಗೆ ಇದು ಹೊಳೆದಿರಲಿಲ್ಲ.

"ಹಿಟ್ಟು ಇದೆಯಲ್ಲ, ತಾನೇ ಮಾಡ್ಕೊಂಡು ತಿನ್ನಬಾರದಾ?"

"ಹೊಸ ಮನೇಲಿ ಮೊದಲನೇ ರೊಟ್ಟಿ ಹೊರಗಿನವರು ತಿನ್ನಬೇಕಂತೆ. ಅಲ್ಲೀತನಕ ತಾನು ತಿನ್ನಲ್ಲವಂತೆ." ಚೌರಪ್ಪ ನಕ್ಕ. "ಮನೆಯೇ ಇಲ್ಲ. ಇಲ್ಲಿ ಹೊರಗಿನವರು ಅಂದ್ರೆ ಆಕೆಯೇ ಅಲ್ವಾ ಫಾದರ್?"

ಫಾದರ್ ಚಪ್ಪಲಿ ಮೆಟ್ಕೊಂಡ್ರು. "ಬಾರೋ. ನನಗೆ ಹಸಿವಾಗ್ತಿದೆ."

ಬಯಲಲ್ಲಿ ಚೌಕಟ್ಟು ಒಂಟಿಯಾಗಿ ನಿಂತಿತ್ತು. ಆಚೆ ಈಚೆ ಬರೀ ಗಾಳಿ. ಫಾದರ್ ಅದರ ಮರ ತಟ್ಟಿದ್ರು.

"ಯಾರದು?" ಎರಡು ಮಾರು ದೂರದಲ್ಲಿ ಎದುರಿಗೇ ಕೂತಿದ್ದ ದ್ಯಾಮವ್ವ ಕೇಳಿದ್ಲು.

"ಹೊರಗಿನವರು ತಾಯಿ. ಹಸ್ಕೊಂಡಿದ್ದೀವಿ."

ಆಕೆ ಸೆರಗು ಸರಿ ಮಾಡ್ಕೊಂಡ್ಲು. "ಬರ್ರಿ ಒಳಗ."

ಫಾದರ್ ಚಪ್ಪಲಿ ಬಿಟ್ಟು, ಬಗ್ಗಿ, ಒಳಗೆ ಹೋದ್ರು. ಚೌರಪ್ಪ ಪಕ್ಕದಿಂದ ಸುತ್ಕೊಂಡು ಬಂದ.

"ಯಾಕೋ ತಮ್ಮಾ, ಗ್ವಾಡಿ ಹಾರಿ ಬಂದಿ? ಕಳ್ಳ ಏನು ನೀ?"

ಚೌರಪ್ಪ ಫಾದರ್ ಮುಖ ನೋಡಿದ. ಫಾದರ್ ನಗಲೂ ಇಲ್ಲ. "ಹೋಗಿ ಬಾಗಿಲಿಂದ ಬಾ."

ಅವನು ಹೋದ. ಚಪ್ಪಲಿ ಬಿಟ್ಟ. ಬಗ್ಗೋದು ಮರೆತ. ಠಣ್ ಅಂತು ತಲೆ.

ದ್ಯಾಮವ್ವ ಹೊಟ್ಟೆ ಹಿಡ್ಕೊಂಡು ನಕ್ಕಳು. "ನಮ್ಮ ಮಾವನೂ ನಿನ್ನಂಗ ಉದ್ದ ಇದ್ದ. ಸಾಯೂತನಕ ಬಡಿಸ್ಕೊಂಡ, ಬಗ್ಗೂದು ಕಲೀಲಿಲ್ಲ."

ಮೂರು ಕಲ್ಲಿನ ಒಲೆ ಹತ್ತಿತು. ರೊಟ್ಟಿ ಬಡಿಯೋ ಸದ್ದು ಹಾಲ್‌ತನಕ ಕೇಳಿಸ್ತು. ಮೊದಲನೇದು ಫಾದರ್‌ಗೆ, ಎರಡನೇದು ಚೌರಪ್ಪಗೆ. ಮೂರನೇದನ್ನ ಆಕೆ ಮುರಿದು ತನ್ನ ಬಾಯಿಗೆ ಹಾಕ್ಕೊಂಡ್ಲು.

ಚೌರಪ್ಪ ಅಗಿಯೋದು ಬಿಟ್ಟು ಅದನ್ನೇ ನೋಡ್ತಾ ಕೂತ.

ಅಷ್ಟರಲ್ಲಿ ಮಳೆ ಶುರುವಾಯ್ತು, ದಪ್ಪ ಹನಿ. ಚೌರಪ್ಪ ಎದ್ದ. "ಫಾದರ್, ಚರ್ಚಿಗೆ ಓಡೋಣ."

"ಇಂಥಾ ಮಳ್ಯಾಗ ಎಲ್ಲಿ ಹೊಂಟ್ರಿ?" ಅಂದ್ಲು ದ್ಯಾಮವ್ವ, ಹಂಚಿನ ಮೇಲೆ ಚೀಲ ಹಿಡಿದು. ಕಣ್ಣಲ್ಲಿ ತುಂಟತನ. "ನಿಲ್ಲೂತನಕ ಒಳಗ ಕುಂದರ್ರಿ."

ಫಾದರ್ ಅಲ್ಲಾಡಲಿಲ್ಲ. ಅವರ ಗಡ್ಡದಿಂದ ನೀರು ತೊಟ್ಟಿಕ್ತಿತ್ತು.

"ಫಾದರ್, ಪೂರ್ತಿ ನೆನೀತಿದೀವಿ," ಅಂದ ಚೌರಪ್ಪ, ಮೆಲ್ಲಗೆ.

ಫಾದರ್ ಇನ್ನೊಂದು ತುಂಡು ರೊಟ್ಟಿ ಮುರಿದ್ರು.

"ಸುಮ್ನೆ ಕೂತ್ಕೋ ಚೌರಪ್ಪ. ಹೊರಗೆ ಇನ್ನೂ ಜೋರಾಗಿದೆ."